ತಂಡ ಏರಿದರೆ ಸಾಕೆ, ಅಂಗಳ ಏರಬೇಡವೆ?

ಬೆಂಗಳೂರಿನ ಅಶೋಕನಗರದಲ್ಲಿ, ಗರುಡಾ ಮಾಲ್ ಇರುವ ಮೆಗ್ರಾತ್ ರಸ್ತೆಯಲ್ಲೇ ಬೆಂಗಳೂರು ಫುಟ್‌ಬಾಲ್ ಕ್ರೀಡಾಂಗಣವಿದೆ. ಮಾಲಿನ ಜನಜಂಗುಳಿ, ಆಟೊಗಳ ಸಾಲು ದಾಟಿ ಬಂದವರಿಗೆ ಇದರ ಗೇಟು ಥಟ್ಟನೆ ಕಣ್ಣಿಗೆ ಬೀಳುವುದಿಲ್ಲ. ಆದರೆ ಕರ್ನಾಟಕದಲ್ಲಿ ಫುಟ್‌ಬಾಲ್ ಆಡುವ ಯಾವ ಕ್ಲಬ್ಬೇ ಆಗಲಿ, ಮೇಲಿನ ದರ್ಜೆಯ ಕನಸು ಕಂಡರೆ ಈ ಗೇಟಿಗೆ ಬಂದೇ ಬರಬೇಕು. ರಾಜ್ಯ ಫುಟ್‌ಬಾಲ್ ಸಂಸ್ಥೆಯ ಕಚೇರಿ ಇರುವುದೂ ಈ ಆವರಣದಲ್ಲೇ.

ರಾಜ್ಯದ ಬಡಗಣ ತುದಿಯ ಔರಾದಿನಿಂದ ಬಂದ ನನ್ನಂಥವರಿಗೆ ಈ ಅಂಗಳ ನೋಡಲು ಒಂದು ಕಾರಣವಿದೆ. ನಮ್ಮ ಕಡೆಯ ಹುಡುಗರ ತಂಡವೊಂದು ನಾಳೆ ಗೆಲ್ಲುತ್ತ ಗೆಲ್ಲುತ್ತ ಮೇಲೇರಿದರೆ ಅದು ಎಲ್ಲಿ ಆಡಬೇಕು? ಏರಿದ ತಂಡಕ್ಕೆ ಅಂಗಳ ಏನೇನು ಕೇಳುತ್ತದೆ? ಪುಸ್ತಕ ಓದಿ ತಿಳಿಯುವುದಕ್ಕಿಂತ ಅಂಗಳದಲ್ಲಿ ನಿಂತು ನೋಡಿದರೆ ಇದು ಬೇಗ ಅರ್ಥವಾಗುತ್ತದೆ.

ಗ್ಯಾಲರಿಯ ಮೆಟ್ಟಿಲ ಮೇಲೆ

ಒಳಗೆ ಕಾಲಿಟ್ಟರೆ ಕಾಂಕ್ರೀಟಿನ ಮೆಟ್ಟಿಲುಗಳ ಗ್ಯಾಲರಿ, ಅದರ ಮುಂದೆ ಹಸಿರು ಅಂಗಳ. ನಡುವೆ ಓಟದ ಟ್ರ್ಯಾಕ್ ಇಲ್ಲ. ಮುಂದಿನ ಸಾಲಿನಲ್ಲಿ ಕೂತವನಿಗೆ ಆಟಗಾರರು ಪರಸ್ಪರ ಕೂಗಿಕೊಳ್ಳುವುದು, ಚೆಂಡಿಗೆ ಕಾಲು ತಾಗುವ ಸದ್ದು ಎಲ್ಲವೂ ಕೇಳುತ್ತದೆ. ಇದು ಫುಟ್‌ಬಾಲಿಗಾಗಿಯೇ ಕಟ್ಟಿದ ಜಾಗ. ಇದೇ ಇದರ ದೊಡ್ಡ ಆಸ್ತಿ.

2013ರ ಸೆಪ್ಟೆಂಬರ್ 22ರಂದು ಬೆಂಗಳೂರು ಎಫ್‌ಸಿ ಆಗ ದೇಶದ ಅಗ್ರ ಲೀಗ್ ಆಗಿದ್ದ ಐ-ಲೀಗಿನ ತನ್ನ ಮೊದಲ ಪಂದ್ಯ ಆಡಿದ್ದು ಇಲ್ಲೇ. ಮೋಹನ್ ಬಾಗಾನ್ ಎದುರು 1-1 ಸಮ. ಸುನಿಲ್ ಚೆಟ್ರಿ ನಾಯಕತ್ವದ ತಂಡ ಮೊದಲ ವರ್ಷವೇ ಲೀಗ್ ಗೆದ್ದಿತು. ಪಶ್ಚಿಮದ ಗ್ಯಾಲರಿಯಲ್ಲಿ ನಿಂತು ಹಾಡುತ್ತಿದ್ದ ಅಭಿಮಾನಿಗಳು ಆ ಗ್ಯಾಲರಿಯ ಹೆಸರನ್ನೇ ಇಟ್ಟುಕೊಂಡು 'ವೆಸ್ಟ್ ಬ್ಲಾಕ್ ಬ್ಲೂಸ್' ಆದರು. ತಂಡ ಬೇರೆ ಕ್ರೀಡಾಂಗಣಕ್ಕೆ ಹೋದ ಮೇಲೂ ಆ ಹೆಸರು ಉಳಿದಿದೆ.

ಈ ಊರಿನ ಫುಟ್‌ಬಾಲಿಗೆ ಅದಕ್ಕೂ ಹಳೆಯ ಚರಿತ್ರೆಯಿದೆ. ಹಲಸೂರಿನ ಗೌತಮಪುರ, ಆಸ್ಟಿನ್ ಟೌನಿನ ಗಲ್ಲಿಗಳಿಂದ ಒಲಿಂಪಿಕ್ಸ್‌ಗೆ ಹೋದ ಆಟಗಾರರಿದ್ದಾರೆ. ಮೈಸೂರು ರಾಜ್ಯದ ತಂಡ ನಾಲ್ಕು ಬಾರಿ ಸಂತೋಷ್ ಟ್ರೋಫಿ ಗೆದ್ದಿತ್ತು. 1968-69ರ ಬಳಿಕ 54 ವರ್ಷ ಕಾದು, 2023ರ ಮಾರ್ಚ್‌ನಲ್ಲಿ ರಿಯಾದ್‌ನಲ್ಲಿ ಮೇಘಾಲಯವನ್ನು 3-2ರಿಂದ ಸೋಲಿಸಿ ಕರ್ನಾಟಕ ಐದನೇ ಬಾರಿ ಅದನ್ನು ಎತ್ತಿತು. ಎಚ್‌ಎಎಲ್, ಐಟಿಐ ಕಾರ್ಖಾನೆಗಳ ತಂಡಗಳು ರಾಷ್ಟ್ರೀಯ ಲೀಗ್ ಆಡಿವೆ. ಎಚ್‌ಎಎಲ್ 2010ರಲ್ಲಿ ಐ-ಲೀಗ್‌ಗೆ ಬಡ್ತಿ ಪಡೆದು 2012ರಲ್ಲಿ ಕೆಳಗಿಳಿಯಿತು. ಸ್ಪೋರ್ಟಿಂಗ್ ಕ್ಲಬ್ ಬೆಂಗಳೂರು 2023-24ರ ಐ-ಲೀಗ್ 2 ಗೆದ್ದು ಮೇಲೇರಿ, ಮರುವರ್ಷವೇ ಹಿಂಬಡ್ತಿ ಕಂಡಿತು.

ತಂಡ ಇಳಿಯುವುದಕ್ಕೆ ಕಾರಣ ಹಲವು. ಆದರೆ ಏರಿದ ಕ್ಲಬ್ಬಿಗೆ ಉಸಿರು ತೆಗೆದುಕೊಳ್ಳಲು ಸಿಗುವುದು ಕೆಲವೇ ತಿಂಗಳು. ಒಳ್ಳೆಯ ಆಟಗಾರರನ್ನು ಹುಡುಕಬೇಕಾದ ಆ ಹೊತ್ತಿನಲ್ಲೇ ಅದು ಅಂಗಳದ ಕಾಗದಪತ್ರ ಹಿಡಿದು ಓಡಾಡಬೇಕಾಗುತ್ತದೆ.

ಟರ್ಫಿನ ಹತ್ತಿರದಿಂದ

ಗೆರೆಯ ಬಳಿ ಕುಕ್ಕರಗಾಲಲ್ಲಿ ಕೂತು ಹುಲ್ಲನ್ನು ಬೆರಳಿಂದ ಸರಿಸಿದೆ. ಇದು ಕೃತಕ ಹುಲ್ಲು. ಪ್ಲಾಸ್ಟಿಕ್ ಎಳೆಗಳ ಬುಡದಲ್ಲಿ ರಬ್ಬರಿನ ಕಪ್ಪು ಕಾಳುಗಳಿವೆ. ಚೆಂಡು ಪುಟಿದಾಗ ಅವು ಸಣ್ಣಗೆ ಚಿಮ್ಮುತ್ತವೆ, ಶೂ, ಸಾಕ್ಸ್‌ಗಳಿಗೆ ಅಂಟಿಕೊಂಡು ಮನೆಯವರೆಗೂ ಬರುತ್ತವೆ. ಎಳೆಗಳನ್ನು ನೆಟ್ಟಗೆ ನಿಲ್ಲಿಸುವುದು, ಬಿದ್ದವನ ಮೊಣಕಾಲಿಗೆ ಪೆಟ್ಟು ಕಡಿಮೆ ಮಾಡುವುದು ಈ ಕಾಳುಗಳ ಕೆಲಸ. ಹೆಚ್ಚು ಆಟ ನಡೆಯುವ ಕಡೆ, ಅಂದರೆ ಗೋಲಿನ ಬಾಯಿ ಮತ್ತು ಪೆನಾಲ್ಟಿ ಗುರುತಿನ ಸುತ್ತ, ಕಾಳು ಕಡಿಮೆಯಾಗಿ ಎಳೆಗಳು ಮಲಗುತ್ತವೆ. ಅಲ್ಲಿಗೆ ಮತ್ತೆ ಮತ್ತೆ ಕಾಳು ತುಂಬಿ ಬ್ರಷ್ ಎಳೆಯದಿದ್ದರೆ ಟರ್ಫಿನ ಆಯಸ್ಸು ಕರಗಿತೆಂದೇ ಲೆಕ್ಕ.

"ಮಧ್ಯಾಹ್ನ ಇದರ ಮೇಲೆ ನಿಲ್ಲೋಕಾಗಲ್ಲ ಸರ್, ಕಾಲು ಸುಡುತ್ತೆ" ಎಂದರು ಅಲ್ಲಿದ್ದ ಕೋಚ್ ಒಬ್ಬರು. ಆದರೂ ದಿನಕ್ಕೆ ಮೂರು ನಾಲ್ಕು ಪಂದ್ಯ ತಡೆದುಕೊಳ್ಳುವ ಶಕ್ತಿ ನೈಜ ಹುಲ್ಲಿಗಿಲ್ಲ. ಹತ್ತಾರು ಕ್ಲಬ್‌ಗಳು ಒಂದೇ ಅಂಗಳವನ್ನು ಹಂಚಿಕೊಳ್ಳುವ ಊರಿನಲ್ಲಿ ಕೃತಕ ಹುಲ್ಲು ಅನಿವಾರ್ಯ.

ಕೃತಕ ಹುಲ್ಲು ಹಾಸಿದ ಮಾತ್ರಕ್ಕೆ ಕೆಲಸ ಮುಗಿಯುವುದಿಲ್ಲ. ಫಿಫಾ ಇದಕ್ಕೆ ಎರಡು ಮಟ್ಟದ ಪ್ರಮಾಣಪತ್ರ ಕೊಡುತ್ತದೆ. ಚೆಂಡು ಎಷ್ಟು ಪುಟಿಯುತ್ತದೆ, ಎಷ್ಟು ದೂರ ಉರುಳುತ್ತದೆ, ಬಿದ್ದ ಪೆಟ್ಟನ್ನು ನೆಲ ಎಷ್ಟು ಹೀರುತ್ತದೆ ಎಂಬುದನ್ನು ಅಳೆದು ನೋಡುತ್ತಾರೆ. ಮೇಲಿನ ಮಟ್ಟದ ಪತ್ರಕ್ಕೆ ವರ್ಷಕ್ಕೊಮ್ಮೆ, ಕೆಳಗಿನದಕ್ಕೆ ಮೂರು ವರ್ಷಕ್ಕೊಮ್ಮೆ ಮರುಪರೀಕ್ಷೆ. ಕಟ್ಟುವ ದುಡ್ಡು ಒಮ್ಮೆ ಬರಬಹುದು. ಕಾಪಾಡುವ ದುಡ್ಡು ಪ್ರತಿ ವರ್ಷ ಬೇಕು.

ಬಡ್ತಿಯ ಬೆನ್ನಿಗೆ ಬರುವ ಪಟ್ಟಿ

ಅಂಗಳದಿಂದ ಡ್ರೆಸ್ಸಿಂಗ್ ರೂಮಿನ ಕಡೆ ನಡೆದರೆ, ಮೇಲಿನ ದರ್ಜೆಯಲ್ಲಿ ಆಡಲು ಬೇಕಾದ ಕ್ಲಬ್ ಲೈಸೆನ್ಸಿನ ಲೆಕ್ಕ ಶುರುವಾಗುತ್ತದೆ. ಏಷ್ಯಾ ಫುಟ್‌ಬಾಲ್ ಒಕ್ಕೂಟದ ಚೌಕಟ್ಟಿನಲ್ಲಿ ಲೈಸೆನ್ಸಿಗೆ ಐದು ವಿಭಾಗಗಳಿವೆ: ಕ್ರೀಡೆ, ಮೂಲಸೌಕರ್ಯ, ಸಿಬ್ಬಂದಿ ಮತ್ತು ಆಡಳಿತ, ಕಾನೂನು, ಹಣಕಾಸು. ಮೂಲಸೌಕರ್ಯದಲ್ಲಿ ಮೊದಲ ಪ್ರಶ್ನೆಯೇ ಕ್ರೀಡಾಂಗಣದ್ದು. ಸ್ವಂತದ್ದಿರಬೇಕು, ಇಲ್ಲವೇ ಬರಹದಲ್ಲಿ ಒಪ್ಪಂದವಿರಬೇಕು. ನಮ್ಮಲ್ಲಿ ಸ್ವಂತ ಕ್ರೀಡಾಂಗಣವಿರುವ ಕ್ಲಬ್ ಅಪರೂಪ. ಹೀಗಾಗಿ ಗೆದ್ದ ಕ್ಲಬ್ಬಿನ ಭವಿಷ್ಯ ಸರ್ಕಾರದ ಇಲಾಖೆ ಅಥವಾ ಸಂಸ್ಥೆಯ ಒಂದು ಸಹಿಯ ಮೇಲೆ ನಿಂತಿರುತ್ತದೆ.

ಆಮೇಲಿನದು ಕಟ್ಟಡದ ಮಾತು. ಎರಡೂ ತಂಡಗಳಿಗೆ, ರೆಫ್ರಿಗಳಿಗೆ ಪ್ರತ್ಯೇಕ ಕೊಠಡಿ, ವೈದ್ಯರ ಕೊಠಡಿ, ಆಂಬುಲೆನ್ಸ್ ಅಂಗಳದವರೆಗೆ ಬರುವ ದಾರಿ, ಪತ್ರಕರ್ತರ ಜಾಗ, ಟಿವಿ ಕ್ಯಾಮೆರಾಗೆ ಬೇಕಾದಷ್ಟು ಬೆಳಕು. ಎಲ್ಲಕ್ಕಿಂತ ಮುಖ್ಯ, ಜನ ಬರುವ ಹೋಗುವ ಗೇಟು. 2025ರ ಜೂನ್ 4ರಂದು ಚಿನ್ನಸ್ವಾಮಿ ಕ್ರೀಡಾಂಗಣದ ಹೊರಗೆ ಕಾಲ್ತುಳಿತಕ್ಕೆ 11 ಜನ ಬಲಿಯಾದರು. ಗೇಟಿನ ಅಗಲ ನಕ್ಷೆಯ ಮೇಲಿನ ಸಣ್ಣ ಗೆರೆಯಲ್ಲ, ಅದು ಪ್ರಾಣದ ಪ್ರಶ್ನೆ.

ಇಂಗ್ಲೆಂಡಿನಂಥ ಫುಟ್‌ಬಾಲ್ ತವರಿನಲ್ಲೂ ಅಂಗಳ ಕೈಕೊಟ್ಟ ಉದಾಹರಣೆಗಳಿವೆ. ಐದನೇ ದರ್ಜೆಯ ಲೀಗ್ ಗೆದ್ದರೂ 1994ರಲ್ಲಿ ಕಿಡರ್‌ಮಿನ್‌ಸ್ಟರ್, 1995ರಲ್ಲಿ ಮ್ಯಾಕಲ್ಸ್‌ಫೀಲ್ಡ್, 1996ರಲ್ಲಿ ಸ್ಟೀವನೇಜ್ ತಂಡಗಳಿಗೆ ಬಡ್ತಿ ಸಿಗಲಿಲ್ಲ. ಮೂರಕ್ಕೂ ಅಡ್ಡ ಬಂದದ್ದು ಕ್ರೀಡಾಂಗಣವೇ. ಸ್ಟೀವನೇಜ್ ಕೋರ್ಟಿಗೆ ಹೋಗಿ ಸೋತಿತು. ಅದು ಮೇಲೇರಲು 2010ರವರೆಗೆ ಕಾಯಬೇಕಾಯಿತು. 2023ರಲ್ಲಿ ಪ್ರೀಮಿಯರ್ ಲೀಗ್‌ಗೆ ಏರಿದ ಲೂಟನ್ ಟೌನ್, ಗ್ಯಾಲರಿಯ ಕೆಲಸ ಮುಗಿಯದೆ ತವರಿನ ಮೊದಲ ಪಂದ್ಯವನ್ನೇ ಮುಂದೂಡಿತು. ನಮ್ಮ ದೇಶದಲ್ಲಿ ಪಂಜಾಬ್ ಎಫ್‌ಸಿ ಅದೇ ವರ್ಷ ಐ-ಲೀಗ್ ಗೆದ್ದು, ಅದಕ್ಕೂ ಮೇಲಿನ ದರ್ಜೆಯ ಐಎಸ್‌ಎಲ್‌ಗೆ ಬಡ್ತಿ ಪಡೆಯಿತು. ಆದರೆ ತವರಿನ ಪಂದ್ಯಗಳನ್ನು ಆಡಿದ್ದು ದೆಹಲಿಯ ಜವಾಹರಲಾಲ್ ನೆಹರೂ ಕ್ರೀಡಾಂಗಣದಲ್ಲಿ. ತಂಡದ ಹೆಸರಿನಲ್ಲಿ ಪಂಜಾಬ್ ಇತ್ತು, ಚಪ್ಪಾಳೆ ತಟ್ಟಬೇಕಾದ ಪಂಜಾಬಿನ ಜನ ಮಾತ್ರ ನೂರಾರು ಕಿಲೋಮೀಟರ್ ದೂರದಲ್ಲಿದ್ದರು.

ಕಂಠೀರವದ ಟ್ರ್ಯಾಕಿನ ಆಚೆ

ಮೆಗ್ರಾತ್ ರಸ್ತೆಯಿಂದ ಕಸ್ತೂರಬಾ ರಸ್ತೆಯ ಕಡೆ ನಡೆದರೆ ಶ್ರೀ ಕಂಠೀರವ ಕ್ರೀಡಾಂಗಣ. ಸಂಪಂಗಿ ಕೆರೆಯ ಅಂಗಳದಲ್ಲಿ ಎದ್ದ ಕಟ್ಟಡವಿದು. ಕರಗಕ್ಕೆಂದು ಉಳಿಸಿಕೊಂಡ ಸಣ್ಣ ಹೊಂಡ ಈಗಲೂ ಪಕ್ಕದಲ್ಲಿದೆ. 2014ರಲ್ಲಿ ಬೆಂಗಳೂರು ಎಫ್‌ಸಿ ಇಲ್ಲಿಗೆ ಬಂತು. ಎಎಫ್‌ಸಿ ಕಪ್ಪಿನಂಥ ಏಷ್ಯಾ ಮಟ್ಟದ ಪಂದ್ಯಗಳನ್ನು ನಡೆಸುವಷ್ಟು ದೊಡ್ಡ ಅಂಗಳ ಅದಕ್ಕೆ ಬೇಕಿತ್ತು. 2016ರಲ್ಲಿ ಮಲೇಷ್ಯಾದ ಜೊಹೊರ್ ತಂಡವನ್ನು 3-1ರಿಂದ ಸೋಲಿಸಿ ಆ ಕಪ್ಪಿನ ಫೈನಲ್ ತಲುಪಿದ್ದು ಇದೇ ನೆಲದಲ್ಲಿ.

ಆದರೆ ಇಲ್ಲಿ ಬೇರೊಂದು ತೊಡಕು. ಇದು ಅಥ್ಲೆಟಿಕ್ಸ್ ಕ್ರೀಡಾಂಗಣವೂ ಹೌದು. ಫುಟ್‌ಬಾಲಿಗೆ ಕೊಟ್ಟ ಸಮಯ ಓಟಗಾರರ ಅಭ್ಯಾಸವನ್ನು ಕಸಿಯುತ್ತದೆ ಎಂದು ಅಥ್ಲೀಟ್‌ಗಳು ಕೋರ್ಟ್ ಮೆಟ್ಟಿಲೇರಿದ್ದರು. ಎರಡೂ ಕಡೆಯವರ ಬೇಡಿಕೆ ನ್ಯಾಯವಾದದ್ದೇ. ತಪ್ಪಿರುವುದು ಇಡೀ ಮಹಾನಗರಕ್ಕೆ ಇಂಥದ್ದು ಒಂದೇ ಇರುವುದರಲ್ಲಿ.

ಅಳತೆಯನ್ನೂ ನೋಡಬೇಕು. 400 ಮೀಟರ್ ಟ್ರ್ಯಾಕಿನ ಒಳಗಿನ ಜಾಗ ಅಗಲದಲ್ಲಿ 73 ಮೀಟರ್. ಫುಟ್‌ಬಾಲಿಗೆ ಬೇಕಾದ 105 x 68 ಮೀಟರ್ ಅಂಗಳವನ್ನು ಅದರೊಳಗೆ ಕೂರಿಸಿದರೆ ಎರಡೂ ಬದಿಗೆ ಉಳಿಯುವುದು ತಲಾ ಎರಡೂವರೆ ಮೀಟರ್. ಕಾರ್ನರ್ ಧ್ವಜದ ಬಳಿ ಟ್ರ್ಯಾಕಿನ ಅಂಚಿಗೆ ಹೆಚ್ಚುಕಡಿಮೆ ಒಂದೇ ಮೀಟರ್. ವೇಗವಾಗಿ ಓಡಿಬಂದ ವಿಂಗರ್ ತಡೆದು ನಿಲ್ಲಲು ಅಷ್ಟು ಸಾಲದು. ಎಂಟು ಲೇನ್‌ಗಳ ಆಚೆ ಕೂತ ಪ್ರೇಕ್ಷಕನಿಗೆ ಆಟ ದೂರವಾಗುತ್ತದೆ.

ಔರಾದಿನ ಲೆಕ್ಕ

ಈಗ ನಮ್ಮೂರಿಗೆ ಬರೋಣ. ಬೀದರಿನ ನೆಹರೂ ಕ್ರೀಡಾಂಗಣ ಜಿಲ್ಲೆಯ ದೊಡ್ಡ ಅಂಗಳ. ಓಟ, ಆಟ, ಗಣರಾಜ್ಯೋತ್ಸವದ ಪಥಸಂಚಲನ ಎಲ್ಲಕ್ಕೂ ಅದೇ ಆಸರೆ. ಬೀದರಿನಿಂದ ಬೆಂಗಳೂರು ಸುಮಾರು 700 ಕಿ.ಮೀ. ಹೈದರಾಬಾದ್ 150 ಕಿ.ಮೀ. ಆಸುಪಾಸು. ಶ್ರೀನಿಧಿ ಡೆಕ್ಕನ್ ತಂಡ ಐ-ಲೀಗ್ ಪಂದ್ಯಗಳನ್ನು ಆಡಿದ ಡೆಕ್ಕನ್ ಅರೀನಾ ಇರುವುದು ಆ ನಗರದ ಹೊರವಲಯದಲ್ಲಿ. ಅಂದರೆ ಔರಾದಿನ ತಂಡವೊಂದು ಆ ಮಟ್ಟಕ್ಕೆ ಏರಿದರೆ, ರಾಜಧಾನಿಗಿಂತ ಹತ್ತಿರದ ಅಂಗಳ ಸಿಗುವುದು ಪಕ್ಕದ ರಾಜ್ಯದಲ್ಲಿ!

ನಮ್ಮ ನೆಲದ ಗುಣವೂ ಬೇರೆ. ಬೀದರಿನ ಸುತ್ತ ಕೆಂಪು ಜಂಬಿಟ್ಟಿಗೆಯ ಪ್ರಸ್ಥಭೂಮಿ; ಔರಾದ, ಭಾಲ್ಕಿಯ ಕಡೆ ಮಾಂಜ್ರಾ ಬಯಲಿನ ಎರೆ ಮಣ್ಣು. ಎರೆ ಮಣ್ಣು ಮಳೆಗಾಲದಲ್ಲಿ ಕಾಲು ಹಿಡಿಯುತ್ತದೆ, ಬೇಸಿಗೆಯಲ್ಲಿ ಅಂಗೈ ಅಗಲ ಬಿರುಕು ಬಿಡುತ್ತದೆ. ಅದರ ಮೇಲೆ ಹಾಗೆಯೇ ಹುಲ್ಲು ಬೆಳೆಸಿದರೆ ಅಂಗಳ ಸಮತಟ್ಟಾಗಿ ನಿಲ್ಲುವುದಿಲ್ಲ. ಮೇಲಿನ ಎರೆ ತೆಗೆದು, ಜಲ್ಲಿ, ಮರಳಿನ ಪದರ ಹಾಸಿ, ನೀರು ಬಸಿಯುವ ಪೈಪು ಹೂತು, ಆಮೇಲೆ ಹುಲ್ಲು ಹಾಕಬೇಕು. ಕುಡಿಯುವ ನೀರಿಗೇ ಬೇಸಿಗೆಯಲ್ಲಿ ಪರದಾಡುವ ತಾಲ್ಲೂಕಿನಲ್ಲಿ ಹುಲ್ಲಿಗೆ ನೀರು ಎಲ್ಲಿಂದ ಎಂಬುದನ್ನೂ ಮೊದಲೇ ಯೋಚಿಸಬೇಕು. ಮಳೆನೀರು ಹಿಡಿದಿಡುವ ತೊಟ್ಟಿ ಅಂಗಳದ ನಕ್ಷೆಯಲ್ಲೇ ಇರಬೇಕು. ಕೃತಕ ಹುಲ್ಲು ಹಾಸುವುದಾದರೆ 40 ಡಿಗ್ರಿ ದಾಟುವ ನಮ್ಮ ಬಿಸಿಲಿಗೆ ಸಂಜೆಯ ಆಟವೇ ಗತಿ, ಅದಕ್ಕೆ ದೀಪ ಬೇಕು.

ಇದೆಲ್ಲ ಕೈಗೆಟುಕದ ಮಾತಲ್ಲ. ಸಂವಿಧಾನದ 371(ಜೆ) ವಿಧಿ ನಮಗೆ ವಿಶೇಷ ಸ್ಥಾನಮಾನ ಕೊಟ್ಟಿದೆ, ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿಯ ಅನುದಾನವಿದೆ. ತಾಲ್ಲೂಕು ಕ್ರೀಡಾಂಗಣಕ್ಕೆ ಮೊದಲು ಗ್ಯಾಲರಿ, ವೇದಿಕೆ, ಕಮಾನು ಕಟ್ಟಿ, ನೆಲವನ್ನು ಕೊನೆಗೆ ಉಳಿಸುವ ರೂಢಿ ಬಿಡಬೇಕು. ಮೊದಲು ನೆಲ ಮತ್ತು ಬಸಿಗಾಲುವೆ. ಆಮೇಲೆ ಹುಡುಗರಿಗೂ ಹುಡುಗಿಯರಿಗೂ ಪ್ರತ್ಯೇಕ ಡ್ರೆಸ್ಸಿಂಗ್ ರೂಮು, ಶೌಚಾಲಯ. ಅಗಲವಾದ ಎರಡು ಗೇಟು, ಆಂಬುಲೆನ್ಸ್ ದಾರಿ. ಗ್ಯಾಲರಿ ಹಂತ ಹಂತವಾಗಿ ಬೆಳೆಯಲಿ. ಸ್ಥಳೀಯ ಕ್ಲಬ್‌ಗಳಿಗೆ ಯಾವ ದರದಲ್ಲಿ, ಎಷ್ಟು ದಿನ ಅಂಗಳ ಸಿಗುತ್ತದೆ ಎಂಬುದು ಬರಹದಲ್ಲಿರಲಿ. ಲೈಸೆನ್ಸಿಗೆ ಬೇಕಾದ ಒಪ್ಪಂದದ ಬೀಜ ಅದೇ.

ಬಡ್ತಿಯನ್ನು ಆಟಗಾರರು ಕಾಲಿನಿಂದ ಗಳಿಸುತ್ತಾರೆ. ಅಂಗಳವನ್ನು ಮಾತ್ರ ಊರು ಕೊಡಬೇಕು, ಅದೂ ತಂಡ ಗೆಲ್ಲುವ ಮುಂಚೆಯೇ. ನಿಮ್ಮ ತಾಲ್ಲೂಕಿನಲ್ಲಿ ಕ್ರೀಡಾಂಗಣದ ಕಾಮಗಾರಿಯ ಮಾತು ಬಂದಾಗ ನಕ್ಷೆ ತೋರಿಸಿ ಎಂದು ಕೇಳಿ. 105 x 68 ಮೀಟರ್ ನೆಲ ಅದರಲ್ಲಿದೆಯೇ, ಸುತ್ತ ಸುರಕ್ಷಿತ ಜಾಗವಿದೆಯೇ, ನೀರು ಎಲ್ಲಿಗೆ ಹರಿಯುತ್ತದೆ ಎಂದು ಕೇಳಿ. ಉತ್ತರ ಸಿಗುವವರೆಗೂ ಕೇಳುತ್ತಲೇ ಇರಿ.