‘ಪೊಲೀಸ್ ವಶಕ್ಕೆ’ ಎಂದರೆ ಅಪರಾಧಿ ಎಂದರ್ಥವೇ? ಫಾರ್ವರ್ಡ್ ಮಾಡುವ ಮುನ್ನ ಓದಿ

‘ಕಾಫಿ ಕಳ್ಳತನ: ಇಬ್ಬರು ಪೊಲೀಸ್ ವಶಕ್ಕೆ’. ಇಂಥ ಸುದ್ದಿಯೊಂದು ಮೂಡಿಗೆರೆಯ ವಾಟ್ಸ್‌ಆ್ಯಪ್ ಗ್ರೂಪಿಗೆ ಬಂತು ಅಂದುಕೊಳ್ಳಿ. ಕಳಸ ತಲುಪುವಷ್ಟರಲ್ಲಿ ಅದು ‘ಕಾಫಿ ಕಳ್ಳರು ಸಿಕ್ಕಿಬಿದ್ದರು, ಎಲ್ಲರಿಗೂ ಶೇರ್ ಮಾಡಿ’ ಎಂದಾಗಿರುತ್ತದೆ. ಜೊತೆಗೆ ಇಬ್ಬರ ಫೋಟೊ ಬೇರೆ. ಮೂಲ ಸುದ್ದಿಯಲ್ಲಿ ಅವರನ್ನು ಕಳ್ಳರು ಎಂದು ಹೇಳಿಯೇ ಇಲ್ಲ. ಎಡವಟ್ಟಾಗಿದ್ದು ಒಂದೇ ಪದದಲ್ಲಿ: ವಶ.

ಒಂದು ಪದ, ಎರಡು ಪುಟ

‘ವಶ’ ಎಂದರೆ ಹಿಡಿತ, ಅಧೀನ. ಬಸ್ ಸ್ಟ್ಯಾಂಡ್ ಗೋಡೆಯ ಮೇಲಿನ ‘ವಶೀಕರಣ’ದ ಜಾಹೀರಾತಿನಲ್ಲೂ ಇರುವುದು ಇದೇ ಪದ.

ಕ್ರೀಡಾ ಪುಟದಲ್ಲಿ ಈ ಪದ ಬಂದರೆ ಆಟ ಮುಗಿದಿದೆ ಎಂದರ್ಥ. 2017ರ ಮಹಿಳಾ ವಿಶ್ವಕಪ್ ನೆನಪಿಸಿಕೊಳ್ಳಿ. ನಮ್ಮ ಕಡೂರಿನ ವೇದಾ ಕೃಷ್ಣಮೂರ್ತಿ ನ್ಯೂಜಿಲೆಂಡ್ ವಿರುದ್ಧ 45 ಎಸೆತಗಳಲ್ಲಿ 70 ರನ್ ಹೊಡೆದರು, ಭಾರತ ಸೆಮಿಫೈನಲ್‌ಗೆ ಹೋಯಿತು. ಆದರೆ ಫೈನಲ್‌ನಲ್ಲಿ 9 ರನ್‌ಗಳಿಂದ ಸೋತು, ಕಪ್ ಇಂಗ್ಲೆಂಡ್ ವಶವಾಯಿತು. ಇನ್ನು ಅದು ಬದಲಾಗುವುದಿಲ್ಲ.

ಅಪರಾಧ ಸುದ್ದಿಯಲ್ಲಿ ಇದಕ್ಕೆ ತದ್ವಿರುದ್ಧ. ಅಲ್ಲಿ ‘ವಶ’ ಎಂದರೆ ವಿಷಯ ಈಗಷ್ಟೇ ಶುರುವಾಗಿದೆ ಎಂದರ್ಥ. ನಾವು ಓದುವಾಗ ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗಿಬಿಡುತ್ತೇವೆ.

ಯಾವ ಪದಕ್ಕೆ ಏನರ್ಥ?

* ವಶಕ್ಕೆ ಪಡೆದು ವಿಚಾರಣೆ: ಪೊಲೀಸರು ಕರೆದೊಯ್ದು ಪ್ರಶ್ನಿಸುತ್ತಿದ್ದಾರೆ. ವಿಚಾರಿಸಿ ಬಿಟ್ಟು ಕಳಿಸಲೂಬಹುದು.
* ಬಂಧನ: ಕಾನೂನು ಪ್ರಕಾರ ಅರೆಸ್ಟ್ ಆಗಿದೆ. ಕಾರಣ ತಿಳಿಸಬೇಕು, ವಕೀಲರ ನೆರವಿಗೆ ಅವಕಾಶ ಕೊಡಬೇಕು. ಪ್ರಯಾಣದ ಸಮಯ ಬಿಟ್ಟು 24 ಗಂಟೆಯೊಳಗೆ ಮ್ಯಾಜಿಸ್ಟ್ರೇಟ್ ಮುಂದೆ ಹಾಜರುಪಡಿಸಬೇಕು. ಇದು ಸಂವಿಧಾನದ 22ನೇ ವಿಧಿ.
* ಪೊಲೀಸ್ ಕಸ್ಟಡಿ: ಮ್ಯಾಜಿಸ್ಟ್ರೇಟ್ ಅನುಮತಿ ಕೊಟ್ಟ ಮೇಲೆ ತನಿಖೆಗಾಗಿ ಪೊಲೀಸರ ಬಳಿ ಇರಿಸುವುದು.
* ನ್ಯಾಯಾಂಗ ಬಂಧನ: ಕೋರ್ಟ್ ಆದೇಶದಂತೆ ಜೈಲಿನಲ್ಲಿ ಇರಿಸುವುದು. ಇದು ಶಿಕ್ಷೆಯಲ್ಲ.
* ಆರೋಪಿ: ಆರೋಪ ಹೊತ್ತವರು.
* ಅಪರಾಧಿ: ವಿಚಾರಣೆ ಮುಗಿದು, ತಪ್ಪು ಸಾಬೀತಾಗಿದೆ ಎಂದು ಕೋರ್ಟ್ ತೀರ್ಪು ಕೊಟ್ಟವರು ಮಾತ್ರ.

ಅಂದರೆ ‘ವಶ’ದಿಂದ ‘ಅಪರಾಧಿ’ವರೆಗೆ ಹಲವು ಮೆಟ್ಟಿಲುಗಳಿವೆ. ಯಾವ ಮೆಟ್ಟಿಲಿನಲ್ಲಾದರೂ ಆ ವ್ಯಕ್ತಿ ನಿರ್ದೋಷಿಯಾಗಿ ಹೊರಬರಬಹುದು. ಫಾರ್ವರ್ಡ್ ಮಾತ್ರ ಒಂದೇ ನೆಗೆತಕ್ಕೆ ಮೇಲೆ ಹತ್ತಿಬಿಡುತ್ತದೆ.

ವಸ್ತು ‘ವಶ’ವಾದರೆ?

‘ಹಣ ವಶ’, ‘ವಾಹನ ವಶ’ ಎಂಬುದಕ್ಕೂ ಇದೇ ಮಾತು. ಚುನಾವಣೆ ವೇಳೆ ಕೊಟ್ಟಿಗೆಹಾರದಂಥ ಚೆಕ್‌ಪೋಸ್ಟ್‌ನಲ್ಲಿ ತೋಟದ ಕೂಲಿಗೆಂದು ಒಯ್ಯುತ್ತಿದ್ದ ಹಣವನ್ನೂ ದಾಖಲೆ ಇಲ್ಲದಿದ್ದರೆ ತಡೆದು ವಶಕ್ಕೆ ಪಡೆಯಬಹುದು. ಸರಿಯಾದ ದಾಖಲೆ ಕೊಟ್ಟರೆ ಆ ಹಣ ವಾಪಸ್ ಸಿಗುತ್ತದೆ. ‘ವಶ’ ಆದದ್ದೆಲ್ಲ ಕಳ್ಳಮಾಲು ಅಲ್ಲ.

ಇಷ್ಟು ಎಚ್ಚರ ಯಾಕೆ?

2018ರ ಜುಲೈನಲ್ಲಿ ಬೀದರ್ ಜಿಲ್ಲೆಯ ಮುರ್ಕಿ ಗ್ರಾಮದಲ್ಲಿ, ಮಕ್ಕಳಿಗೆ ಚಾಕೊಲೇಟ್ ಕೊಟ್ಟ ಪ್ರವಾಸಿಗರನ್ನು ಮಕ್ಕಳ ಕಳ್ಳರು ಎಂದು ವಾಟ್ಸ್‌ಆ್ಯಪ್‌ನಲ್ಲಿ ಹಬ್ಬಿಸಲಾಯಿತು. ಗುಂಪು ಸೇರಿ ಹೊಡೆದಿದ್ದರಿಂದ ಹೈದರಾಬಾದಿನ ಯುವಕನೊಬ್ಬ ಸತ್ತ. ದೇಶದ ಹಲವೆಡೆ ಇಂಥ ಸಾವುಗಳಾದ ಮೇಲೆ, ಅದೇ ತಿಂಗಳು ವಾಟ್ಸ್‌ಆ್ಯಪ್ ಭಾರತದಲ್ಲಿ ಒಮ್ಮೆಗೆ ಐದು ಚಾಟ್‌ಗಳಿಗೆ ಮಾತ್ರ ಫಾರ್ವರ್ಡ್ ಮಾಡುವ ಮಿತಿ ಘೋಷಿಸಿತು.

ನಮ್ಮ ತೋಟಗಳಿಗೆ ದೂರದ ಊರುಗಳಿಂದ ಕೆಲಸಕ್ಕೆ ಬಂದವರಿದ್ದಾರೆ. ಒಮ್ಮೆ ಫೋಟೊ ಹರಿದಾಡಿದರೆ, ಪೊಲೀಸರು ವಿಚಾರಿಸಿ ಬಿಟ್ಟು ಕಳಿಸಿದರೂ ಅವರಿಗೆ ಇನ್ನೊಂದು ತೋಟದಲ್ಲಿ ಕೆಲಸ ಸಿಗುವುದು ಕಷ್ಟ. ‘ಬಿಟ್ಟು ಕಳಿಸಿದರು’ ಎಂಬ ಸುದ್ದಿಯನ್ನು ಯಾರೂ ಫಾರ್ವರ್ಡ್ ಮಾಡುವುದಿಲ್ಲ. ಸುಳ್ಳು ಆರೋಪ ಹೊರಿಸಿ ಹಂಚಿದರೆ ಭಾರತೀಯ ನ್ಯಾಯ ಸಂಹಿತೆಯ 356ನೇ ಸೆಕ್ಷನ್ ಪ್ರಕಾರ ಮಾನನಷ್ಟದ ಕೇಸು ನಿಮ್ಮ ಮೇಲೆಯೇ ಬರಬಹುದು.

ಫಾರ್ವರ್ಡ್ ಒತ್ತುವ ಮುನ್ನ

1. ಸುದ್ದಿಯಲ್ಲಿರುವುದು ವಶವೋ, ಬಂಧನವೋ, ತೀರ್ಪೋ ನೋಡಿ.
2. ‘ಆರೋಪಿ’ ಎಂದಿದ್ದರೆ ಅದನ್ನು ‘ಕಳ್ಳ’, ‘ಕೊಲೆಗಾರ’ ಎಂದು ಬದಲಿಸಬೇಡಿ.
3. ಫೋಟೊ ಇದ್ದರೆ ಕಳಿಸಬೇಡಿ.
4. ನೀವು ಈ ಮೊದಲು ಹಂಚಿದ ಸುದ್ದಿಯಲ್ಲಿದ್ದವರು ನಿರ್ದೋಷಿ ಎಂದು ಗೊತ್ತಾದರೆ, ಅದನ್ನೂ ಅದೇ ಗ್ರೂಪಿಗೆ ಹಾಕಿ.

ಕಪ್ ಯಾರ ವಶವಾಯಿತು ಎಂಬುದನ್ನು ಕೂಡಲೇ ಹಂಚಿಕೊಳ್ಳಿ. ಮನುಷ್ಯರು ವಶವಾದ ಸುದ್ದಿಗೆ ಸ್ವಲ್ಪ ಕಾಯಿರಿ.