4118 ಎಲ್ಲಿ ಹೋಯಿತು?

‘ನಮ್ಮ ಸಹಕಾರ ಸಂಘದ ಕಂಪ್ಯೂಟರಿನಲ್ಲಿ 4117ರ ನಂತರ ನೇರವಾಗಿ 4119 ಬಂದಿದೆ. ನಡುವಿನ ರಸೀದಿಯನ್ನು ಯಾರೋ ಅಳಿಸಿ ದುಡ್ಡು ನುಂಗಿದ್ದಾರೆಂದು ಸಭೆಯಲ್ಲಿ ಗಲಾಟೆಯಾಯಿತು. ನಿಜವಿರಬಹುದೇ?’ ಓದುಗರೊಬ್ಬರ ಪ್ರಶ್ನೆ.

ಸಂಖ್ಯೆ ತಪ್ಪಿತೆಂದರೆ ಕಳ್ಳತನವೇ ಆಗಿದೆ ಎನ್ನುವುದು ನಮ್ಮಲ್ಲಿ ಬೇರುಬಿಟ್ಟ ಮೂಢನಂಬಿಕೆ. ಲೆಕ್ಕ ತಿಳಿದವರೂ ಇದನ್ನು ಬಿಡುವುದಿಲ್ಲ!

ಇಬ್ಬರು ಗುಮಾಸ್ತರು ಒಂದೇ ಕ್ಷಣದಲ್ಲಿ ‘ಕೊನೆಯ ಸಂಖ್ಯೆ ಎಷ್ಟು?’ ಎಂದು ನೋಡಿ ಒಂದು ಕೂಡಿಸಿದರೆ ಇಬ್ಬರಿಗೂ 4118 ಬರುತ್ತದೆ. ಅದಕ್ಕೇ ಡೇಟಾಬೇಸುಗಳು ಸೀಕ್ವೆನ್ಸ್ ಎಂಬ ಪ್ರತ್ಯೇಕ ಎಣಿಕೆಗಾರನನ್ನು ಇಟ್ಟುಕೊಂಡಿರುತ್ತವೆ. ಅದು ಬ್ಯಾಂಕಿನ ಟೋಕನ್ ಯಂತ್ರದ ಹಾಗೆ: ಚೀಟಿ ಹರಿದುಕೊಂಡವರು ಬೇಸತ್ತು ಮನೆಗೆ ಹೋದರೂ ಯಂತ್ರ ಹಿಂದಕ್ಕೆ ಎಣಿಸುವುದಿಲ್ಲ. 4118 ಪಡೆದ ನಮೂದು ಅರ್ಧದಲ್ಲೇ ರದ್ದಾಗುವ ಹೊತ್ತಿಗೆ 4119 ಇನ್ನೊಬ್ಬರ ಕೈಸೇರಿರುತ್ತದೆ. ಬಿಟ್ಟುಹೋದದ್ದನ್ನು ತುಂಬಿಸಲೇಬೇಕೆಂದರೆ ಮೊದಲಿನವರ ಕೆಲಸ ಮುಗಿಯುವವರೆಗೆ ಉಳಿದವರೆಲ್ಲ ಕೈಕಟ್ಟಿ ನಿಲ್ಲಬೇಕು.

ನನಗೆ ಬಲು ಇಷ್ಟವಾದದ್ದು ಇಂಥ ಡೇಟಾಬೇಸುಗಳಲ್ಲೊಂದಾದ ಪೋಸ್ಟ್‌ಗ್ರೆಸ್‌ನ ಜಾಣತನ. ಕರೆಂಟು ಹೋದರೂ ಅದು ಕೊಟ್ಟ ಸಂಖ್ಯೆಯನ್ನೇ ಮತ್ತೆ ಕೊಡಬಾರದು. ಹಾಗೆಂದು ಪ್ರತಿ ಸಂಖ್ಯೆಗೂ ಡಿಸ್ಕಿನಲ್ಲಿ ಬರೆಯುತ್ತ ಕುಳಿತರೆ ಕೆಲಸ ನಿಧಾನ. ಅದಕ್ಕೇ ಅದು ತನ್ನ ದಿನಚರಿಯಲ್ಲಿ 32 ಸಂಖ್ಯೆ ಮುಂದಕ್ಕೇ ‘ಇಲ್ಲಿಯವರೆಗೆ ಖರ್ಚಾಗಿದೆ’ ಎಂದು ಸುಳ್ಳು ಬರೆದಿಡುತ್ತದೆ. ಆಮೇಲೆ ನಿರಾಳವಾಗಿ ಒಂದೊಂದೇ ಹಂಚುತ್ತದೆ. ನಡುವೆ ಯಂತ್ರ ಕುಸಿದರೆ, ಎದ್ದ ಮೇಲೆ ಆ ಸುಳ್ಳನ್ನೇ ನಂಬಿ ಅದರಾಚೆಯಿಂದ ಎಣಿಕೆ ಶುರು. ಉಳಿದವು ಯಾರಿಗೂ ಸಿಗದೆ ಹೋಗುತ್ತವೆ, ಆದರೆ ಒಂದೂ ಎರಡು ಸಲ ಬರುವುದಿಲ್ಲ. ಒರಾಕಲ್ ತಾನಾಗಿ 20 ಸಂಖ್ಯೆಗಳನ್ನು ಮೊದಲೇ ಎತ್ತಿಟ್ಟುಕೊಳ್ಳುತ್ತದೆ. ಎಸ್‌ಕ್ಯೂಎಲ್ ಸರ್ವರ್ ಹಠಾತ್ತನೆ ನಿಂತು ಎದ್ದಾಗ ಒಮ್ಮೆಲೇ ಸುಮಾರು ಸಾವಿರ ಹಾರುವುದೂ ಉಂಟು. ಸಭೆಯಲ್ಲಿ ಅದನ್ನು ಕಂಡಿದ್ದರೆ ಪೊಲೀಸರೇ ಬರುತ್ತಿದ್ದರೇನೋ.

ಇನ್ನೊಂದು ಮಾತು. 4118ಕ್ಕಿಂತ 4119 ಮೊದಲು ದಾಖಲಾಗಿರಲೂಬಹುದು. ಸೀಕ್ವೆನ್ಸ್ ಕೊಡುವ ಭರವಸೆ ಒಂದೇ: ಎರಡು ದಾಖಲೆಗೆ ಒಂದೇ ಸಂಖ್ಯೆ ಬಾರದು.

ಹಾಗಾದರೆ ಸಂಘದಲ್ಲಿ ಯಾರೂ ಅಳಿಸಿಲ್ಲವೇ? ಅದು ಸಂಖ್ಯೆಯಿಂದ ಗೊತ್ತಾಗದು. ಯಾರು, ಯಾವಾಗ, ಏನು ಬದಲಿಸಿದರೆಂಬ ಆಡಿಟ್ ದಾಖಲೆ ನೋಡಬೇಕು. ಜಿಎಸ್‌ಟಿ ಬಿಲ್ಲುಗಳಿಗೆ ಮಾತ್ರ ಕ್ರಮಬದ್ಧ ಸರಣಿ ಸಂಖ್ಯೆ ಇರಬೇಕೆಂದು ನಿಯಮ 46 ಹೇಳುತ್ತದೆ. ಅಂಥ ಕಡೆ ಸೀಕ್ವೆನ್ಸನ್ನು ನೆಚ್ಚಬಾರದು. ಬೇರೆಯದೇ ಕೋಷ್ಟಕದಲ್ಲಿ ಕೊನೆಯ ಸಂಖ್ಯೆ ಇಟ್ಟು, ಅದನ್ನು ಬೀಗ ಹಾಕಿ ಹೆಚ್ಚಿಸಿ, ಬಿಲ್ಲಿನ ಜೊತೆಗೇ ಉಳಿಸಬೇಕು. ಬಿಲ್ಲು ರದ್ದಾದರೆ ಸಂಖ್ಯೆಯೂ ಹಿಂದಿರುಗುತ್ತದೆ. ಉಳಿದವರು ಸಾಲಿನಲ್ಲಿ ಕಾಯಬೇಕು, ನಿಜ. ದಿನಕ್ಕೆ ಇನ್ನೂರು ರಸೀದಿ ಹರಿಯುವ ಸಂಘಕ್ಕೆ ಆ ಕಾಯುವಿಕೆ ಲೆಕ್ಕಕ್ಕೇ ಇಲ್ಲ.