ಪರೀಕ್ಷೆಗೂ ಒಂದು ಕಾಲವುಂಟು

ಮುಂಡಗೋಡ ತಾಲ್ಲೂಕಿನ ಪಾಳಾ ಗ್ರಾಮದ ತರುಣನೊಬ್ಬನು ದುಡಿಮೆಗಾಗಿ ಗೋವೆಗೆ ಹೋಗಿದ್ದನೆಂದು ಊಹಿಸೋಣ. ಅಲ್ಲಿ ಅವನಿಗೆ ಅಪರಿಚಿತಳೊಬ್ಬಳ ಸಂಗವಾಗುತ್ತದೆ. ಕಾಂಡೋಮ್ ಧರಿಸಿದ್ದರೂ ಅವನ ಮನಸ್ಸಿಗೆ ಸಮಾಧಾನವಿಲ್ಲ. ಮೂರನೆಯ ದಿನ ರಕ್ತಪರೀಕ್ಷೆ ಮಾಡಿಸುತ್ತಾನೆ; ದೋಷವಿಲ್ಲವೆಂದು ವರದಿ ಬರುತ್ತದೆ. ನಿಶ್ಚಿಂತನಾಗಿ ಹೆಂಡತಿಯ ಬಳಿಗೆ ಮರಳುತ್ತಾನೆ. ಈ ನಿಶ್ಚಿಂತೆಗೆ ಆಧಾರವುಂಟೆ?

ಇಲ್ಲ. ಆ ವರದಿಯು ತಿಳಿಸುವುದು ಅವನ ಹಿಂದಿನ ಸ್ಥಿತಿಯನ್ನೇ ಹೊರತು ಆ ರಾತ್ರಿಯ ಪರಿಣಾಮವನ್ನಲ್ಲ. ಕೂರಿಗೆಯಿಂದ ಬತ್ತ ಬಿತ್ತಿದ ಮರುದಿನವೇ ಗದ್ದೆಗೆ ಹೋದವನು, ಮೊಳಕೆ ಕಾಣದ ಮಾತ್ರಕ್ಕೆ ಬೀಜವೇ ಬಿದ್ದಿಲ್ಲವೆನ್ನಬಹುದೆ? ರೋಗಾಣುವಿನ ವಿಷಯವೂ ಹಾಗೆಯೇ. ದೇಹವನ್ನು ಹೊಕ್ಕ ಅಣುಗಳು ವೃದ್ಧಿಯಾಗಬೇಕು. ಅವುಗಳನ್ನು ಎದುರಿಸಲು ರಕ್ತದಲ್ಲಿ ಪ್ರತಿಕಾಯಗಳು ಹುಟ್ಟಬೇಕು. ಎಷ್ಟೋ ಪರೀಕ್ಷೆಗಳು ಹುಡುಕುವುದು ಈ ಪ್ರತಿಕಾಯಗಳನ್ನೇ. 1906ರಲ್ಲಿ ಜರ್ಮನಿಯ ವಾಸರ್‌ಮನ್ ಮತ್ತು ಅವನ ಸಂಗಡಿಗರು ಸಿಫಿಲಿಸ್ ರೋಗಕ್ಕೆ ರಕ್ತಪರೀಕ್ಷೆಯನ್ನು ಕಂಡುಹಿಡಿದಂದಿನಿಂದಲೂ ಈ ಕಾಯುವಿಕೆ ತಪ್ಪಿಲ್ಲ. ಸೋಂಕು ತಗಲಿದ್ದರೂ ಪರೀಕ್ಷೆಗೆ ಕಾಣದಿರುವ ಈ ಕಾಲವನ್ನು ಗವಾಕ್ಷಿ ಅವಧಿ ಎನ್ನುತ್ತಾರೆ.

ಹಾಗಾದರೆ ಕಾಂಡೋಮಿನಿಂದ ಪ್ರಯೋಜನವೇನು? ಪ್ರಯೋಜನ ಬಹಳ. 1968ರಿಂದ ನಮ್ಮ ಜನರಿಗೆ ‘ನಿರೋಧ್’ ಎಂಬ ಹೆಸರಿನಿಂದ ಪರಿಚಿತವಾದ ಈ ಸಾಧನವು ಹರಿಯದೆ, ಜಾರದೆ, ಮೊದಲಿನಿಂದ ಕೊನೆಯವರೆಗೆ ಉಳಿದಿದ್ದರೆ ಎಚ್.ಐ.ವಿ., ಗೊನೋರಿಯಾ, ಕ್ಲಮೀಡಿಯಾಗಳ ಭಯವು ಅತ್ಯಲ್ಪ. ಇವು ಹರಡುವುದು ದೇಹದ್ರವಗಳ ಮೂಲಕ. ಆದರೆ ಸಿಫಿಲಿಸ್ ಮತ್ತು ಹರ್ಪಿಸ್ ರೋಗಗಳು ಚರ್ಮದ ಸ್ಪರ್ಶದಿಂದಲೂ ಅಂಟಬಲ್ಲವು. ಕಾಂಡೋಮು ಮುಚ್ಚದ ಭಾಗದಲ್ಲಿ ಹುಣ್ಣಿದ್ದರೆ ಅದು ರಕ್ಷಿಸಲಾರದು.

ಪರೀಕ್ಷೆಯ ಕಾಲಗಳು ಹೀಗಿವೆ. ಗೊನೋರಿಯಾ, ಕ್ಲಮೀಡಿಯಾಗಳಿಗೆ ಸುಮಾರು 2 ವಾರಗಳ ಬಳಿಕ ಮೂತ್ರವನ್ನಾಗಲಿ ಸ್ರಾವವನ್ನಾಗಲಿ ಪರೀಕ್ಷಿಸಬಹುದು. ಎಚ್.ಐ.ವಿ.ಗೆ, ಪ್ರತಿಕಾಯದೊಡನೆ ವೈರಸ್ಸಿನ ಅಂಶವನ್ನೂ ಗುರುತಿಸುವ ಪ್ರಯೋಗಾಲಯ ಪರೀಕ್ಷೆಯಾದರೆ 45 ದಿನಗಳು. ಪ್ರತಿಕಾಯವನ್ನಷ್ಟೇ ಗುರುತಿಸುವ ಪರೀಕ್ಷೆಯಾದರೆ 90 ದಿನಗಳು ಕಳೆದಿರಬೇಕು. ಸಿಫಿಲಿಸ್‌ನ ಮೊದಲ ಹುಣ್ಣು 10ರಿಂದ 90 ದಿನಗಳೊಳಗೆ ತಲೆದೋರುವುದರಿಂದ ಅದರ ಕೊನೆಯ ಪರೀಕ್ಷೆಯೂ 3 ತಿಂಗಳಿಗೆ.

ಎರಡು ಸಂದರ್ಭಗಳಲ್ಲಿ ಮಾತ್ರ ಕಾಯಕೂಡದು. ಹುಣ್ಣು, ಸ್ರಾವ, ಉರಿಮೂತ್ರಗಳು ಕಂಡರೆ ಅಂದೇ ವೈದ್ಯರ ಬಳಿಗೆ ಹೋಗಬೇಕು. ಕಾಂಡೋಮು ಹರಿದಿದ್ದರೆ 72 ಗಂಟೆಗಳು ಮೀರುವ ಮೊದಲೇ, ಎಷ್ಟು ಬೇಗನಾದರೆ ಅಷ್ಟು ಒಳ್ಳೆಯದು, ಆಸ್ಪತ್ರೆಯನ್ನು ಸೇರಬೇಕು. ಅಗತ್ಯವೆಂದು ಕಂಡರೆ ವೈದ್ಯರು ಎಚ್.ಐ.ವಿ. ನೆಲೆಗೊಳ್ಳದಂತೆ 28 ದಿನಗಳ ಔಷಧವನ್ನು ಕೊಡುವರು.

ಪರೀಕ್ಷೆಗೆ ನಾಚಬೇಕಾಗಿಲ್ಲ. ಸರ್ಕಾರದ ಐ.ಸಿ.ಟಿ.ಸಿ. ಕೇಂದ್ರಗಳಲ್ಲಿ ಎಚ್.ಐ.ವಿ. ಪರೀಕ್ಷೆಯು ಉಚಿತ. 2017ರ ಕಾಯಿದೆಯು ಒಪ್ಪಿಗೆಯಿಲ್ಲದೆ ಪರೀಕ್ಷಿಸುವುದನ್ನೂ ಫಲಿತಾಂಶವನ್ನು ಬಯಲುಮಾಡುವುದನ್ನೂ ತಡೆಯುತ್ತದೆ. ಹತ್ತಿರದ ಕೇಂದ್ರ ಯಾವುದೆಂದು 1097 ಸಂಖ್ಯೆಗೆ ಉಚಿತವಾಗಿ ದೂರವಾಣಿ ಮಾಡಿ ಕೇಳಬಹುದು.

ನಮ್ಮ ತರುಣನು ಮಾಡಬೇಕಾದುದಿಷ್ಟೆ: ಕೊನೆಯ ವರದಿ ಕೈಸೇರುವವರೆಗೆ ಮನೆಯಲ್ಲಿಯೂ ಕಾಂಡೋಮನ್ನು ಬಳಸಬೇಕು. ಸಿಫಿಲಿಸ್ ಪೆನಿಸಿಲಿನ್ನಿನಿಂದ ಗುಣವಾಗುವ ರೋಗ; ಆದರೆ ತಿಳಿಯದೆ ಉಳಿದರೆ ಗರ್ಭಿಣಿಯ ಮೂಲಕ ಹುಟ್ಟಲಿರುವ ಮಗುವಿಗೂ ತಗಲುತ್ತದೆ. ಮೂರು ದಿನದ ವರದಿಯನ್ನು ನಂಬಿ ಅವನು ಪಣಕ್ಕಿಡುವುದು ತನ್ನೊಬ್ಬನ ಆರೋಗ್ಯವನ್ನಲ್ಲ.